ಅಡುಗೆಮನೆಯ ಡ್ರಾಯರಿನ ಅರ್ಧ ಪೊಟ್ಟಣ

ಬಣ್ಣ ಸುಲಿದಿದೆ, ಹಸಿರು ಬಣ್ಣ ಹಪ್ಪಳದ ಹಾಗೆ ಉಬ್ಬಿ ಬೂದಿಗೆ ಉದುರಿದೆ, ಆದರೂ ಬಂದೂಕಿನ ತಿಜೋರಿ ಇಟ್ಟಲ್ಲೇ ನಿಂತಿದೆ, ಕಾಂಕ್ರೀಟಿಗೆ ಹೊಡೆದ ನಾಲ್ಕು ಬೋಲ್ಟುಗಳ ಮೇಲೆ, ಸುತ್ತ ಮನೆ ಅಂತ ಏನೂ ಉಳಿದಿಲ್ಲ — ಸುರುಳಿ ಸುತ್ತಿದ ಚಾವಣಿಯ ತಗಡು, ಹೆಂಡತಿ ಎಲ್ವಾಳ ಹೊಲಿಗೆ ಯಂತ್ರ, ಕೆಟಲು, ಚಿಮಣಿ — ಬೆಂಕಿ ಆರಿ ಮೂರು ದಿನವಾದರೂ ಒಳಗೆ ಬಿಸಿ ಇದೆಯೇನೋ, ಮುಟ್ಟಿ ನೋಡಲೇ, ಬೇಡ, ಸಾರ್ಜೆಂಟ್ ಝಾಮಿಟ್ ಫೋನಿನಲ್ಲಿ ಹೇಳಿದ್ದಾಳೆ, ನಾನು ಬರೋವರೆಗೂ ಬಾಗಿಲು ತೆಗೀಬೇಡಿ ಕ್ಲೆಮ್, ಹತ್ತು ಗಂಟೆಗೆ ಬರ್ತೀನಿ, ಬಂದೂಕೆಲ್ಲ ಠಾಣೆಗೆ ತಗೊಂಡು ಹೋಗ್ಬೇಕು, ಬೀಗ ಹಾಕೋಕೆ ಮನೆನೇ ಇಲ್ಲ ಅಂದ್ಮೇಲೆ ನಿಮ್ಮ ಹತ್ರ ಬಿಡೋ ಹಾಗಿಲ್ಲ. ಸರಿ ಅಂದೆ. ನಾನು, ಪೊಲೀಸರಿಗೆ, ಮರುಮಾತಿಲ್ಲದೆ. ಹೋದ ವಸಂತದಲ್ಲಿ ಅವಳು ತಪಾಸಣೆಗೆ ಬಂದ ದಿನ ಒಂದು ಲೋಟ ಚಹಾ ಕೂಡ ಕೊಡಲಿಲ್ಲ ನಾನು, ಎಲ್ವಾ ಕೊಟ್ಟಳು, ಜೊತೆಗೆ ಬಿಸ್ಕತ್ತು ಬೇರೆ, ಅದಕ್ಕೂ ನನಗೆ ಮೈ ಉರಿಯಿತು, ಅಪ್ಪನ ಕಾಲದಿಂದ ಉಣ್ಣೆ ಕತ್ತರಿಸುವ ಶೆಡ್ಡಿನ ಮೂಲೆಯಲ್ಲಿದ್ದ ತಿಜೋರಿಯನ್ನು ಝಾಮಿಟ್ ಒಂದೇ ಕೈಯಲ್ಲಿ ಅಲ್ಲಾಡಿಸಿದಳು, ದರಿದ್ರದ್ದು ಅಲ್ಲಾಡಿತು, ನೋಡಿ, ಇದನ್ನ ಹಾಗೇ ಎತ್ತಿ ಪಿಕಪ್ಪಿಗೆ ಹಾಕ್ಕೊಂಡು ಹೋಗ್ತಾರೆ, ಕಳ್ಳರಿಗೆ ಬೀಗ ಒಡೆಯೋ ಕಷ್ಟಾನೂ ಇಲ್ಲ, ಹೋದ ತಿಂಗಳು ಹೊಳೆಯಾಚೆ ಹಂಗೇ ಆಯ್ತು. ಇಲ್ಲಿಗೆ ಬರೋಕೆ ಕಳ್ಳರಿಗೆ ದಾರಿ ಗೊತ್ತಿರಬೇಕಲ್ಲ, ಅಂದೆ ನಾನು. ಅವಳು ನಗಲಿಲ್ಲ, ಪುಸ್ತಕದಲ್ಲಿ ಬರೆದುಕೊಂಡಳು, ಬಂದೂಕಿನ ತೋಟಾ ಎಲ್ಲಿಟ್ಟಿದ್ದೀರಿ ಅಂತ ಕೇಳಿದಳು, ತೋರಿಸಿದೆ, ಮಲಗುವ ಕೋಣೆಯ ಪಕ್ಕದ ಕಂಬಳಿ ಕಪಾಟು, ಅಪ್ಪ ಇಡುತ್ತಿದ್ದದ್ದೂ ಅಲ್ಲೇ, ತೇವ ಹತ್ತುವುದಿಲ್ಲ ಅಂತ. ಅವಳು ಕಂಬಳಿಗಳನ್ನು ಎತ್ತಿ ನೋಡಿದಳು, ಎಲ್ವಾಳ ಕಡೆ ನೋಡಿದಳು, ಆಗಷ್ಟೇ ಸೊಂಟದ ಕೀಲು ಬದಲಾಯಿಸಿಕೊಂಡು ವಾಕರ್ ಹಿಡಿದು ನಿಂತಿದ್ದಳು ಎಲ್ವಾ. ಇದಕ್ಕೆ ಬೆಂಕಿ ಬಿದ್ರೆ ಏನಾಗುತ್ತೆ ಗೊತ್ತಾ ಕ್ಲೆಮ್, ಗುಂಡು ಸಿಡೀತಿರೋ ಮನೆಯೊಳಗೆ ಬೆಂಕಿ ಆರಿಸೋರು ಕಾಲಿಡಲ್ಲ, ಇಡಬಾರದು ಅಂತಲೇ ಅವರಿಗೆ ಹೇಳಿಕೊಟ್ಟಿರೋದು, ಹೊರಗೆ ನಿಂತು ನೋಡ್ತಾರೆ ಅಷ್ಟೆ, ಬೀಗ ಇರೋ ಕಬ್ಬಿಣದ ಪೆಟ್ಟಿಗೆ ತಂದು ಮನೆಯಿಂದ ದೂರ ಇಡಿ, ತಿಜೋರಿನ ಬಚ್ಚಲಮನೆ ಕಾಂಕ್ರೀಟಿಗೆ ಬಿಗೀರಿ, ಇಲ್ದಿದ್ರೆ ಲೈಸೆನ್ಸ್ ಮರೆತುಬಿಡಿ. ಎರಡು ದಿನ ಕೊರೆದೆ ಕಾಂಕ್ರೀಟನ್ನು, ಪ್ರತಿ ಬೋಲ್ಟಿಗೂ ಅವಳನ್ನು ಬೈದೆ, ತೋಟಾ ಪೆಟ್ಟಿಗೆಯನ್ನು ಹೊಂಡದ ದಂಡೆಯ ಪಂಪಿನ ಮನೆಗೆ ಹೊತ್ತು ಹಾಕಿ ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡೆ, ಈಗಲೂ ಇದೆ, ಬೆವರಿಗೆ ಅಂಟಿಕೊಂಡಿದೆ.

ಮಂಗಳವಾರ ಮಧ್ಯಾಹ್ನವೇ ಹೊರಡೋಣ ಅಂದಿದ್ದಳು ಎಲ್ವಾ, ಹೊಗೆ ಬೆಟ್ಟದಾಚೆ ಇತ್ತು, ಕುರಿಗಳನ್ನು ಹೊಳೆಯ ಪಕ್ಕದ ಬೋಳುಗದ್ದೆಗೆ ಹೊಡೆದು ಬರ್ತೀನಿ, ಹತ್ತು ನಿಮಿಷ ಅಂದೆ, ನನ್ನ ಹತ್ತು ನಿಮಿಷ ಎಷ್ಟು ಉದ್ದ ಅಂತ ಅವಳಿಗೆ ನಲವತ್ತು ವರ್ಷದಿಂದ ಗೊತ್ತು, ಆದರೂ ಕುಳಿತಳು, ಗಾಳಿ ತಿರುಗಿತು, ನಾಯಿ ನನಗಿಂತ ಮೊದಲು ತಿಳಿದುಕೊಂಡಿತು, ನಾನು ಓಡಿ ಬರುವಾಗ ಚಾವಣಿಯ ಒಂದು ಪಕ್ಕ ಉರಿಯುತ್ತಿತ್ತು, ಅಂಗಳದಲ್ಲಿ ಅಗ್ನಿಶಾಮಕ ಲಾರಿ, ಬ್ರಾನ್ವಿನ್ ನನ್ನ ಅಂಗಿ ಹಿಡಿದು ಎಳೆದಳು — ಬೇಕರಿಯ ಬ್ರಾನ್ವಿನ್, ಶನಿವಾರ ನನಗೆ ಮಾಂಸದ ಕಡುಬು ಕಟ್ಟಿಕೊಡುವವಳು, ಮೂರು ಮಕ್ಕಳ ತಾಯಿ, ಬೆಂಕಿ ಆರಿಸುವ ದಳದ ಸ್ವಯಂಸೇವಕಿ, ಆ ಹಳದಿ ಕೋಟಿನಲ್ಲಿ ಗುರುತೇ ಸಿಗಲಿಲ್ಲ — ನೀನು ಒಳಗೆ ಹೋಗ್ಬೇಡ ಮುದುಕಾ, ಎಲ್ವಾ ಎಲ್ಲಿದ್ದಾಳೆ, ಹಿಂದಿನ ಕೋಣೆನಾ, ಗ್ಯಾಸ್ ಆಚೆಗಿದೆ ನೋಡ್ದೆ, ತೋಟಾ ಇದೆಯಾ ಮನೇಲಿ, ಬೇಗ ಹೇಳು, ತೋಟಾ ಇದೆಯಾ. ಇಲ್ಲ, ಅಂದೆ. ಎಲ್ಲ ಪಂಪಿನ ಮನೇಲಿದೆ, ಮನೇಲಿ ಒಂದೂ ಇಲ್ಲ. ಅವಳು ನನ್ನ ಮುಖ ನೋಡಿದಳು, ಒಂದು ಸಲ ತಲೆಯಾಡಿಸಿದಳು, ಮುಖದ ಗಾಜನ್ನು ಕೆಳಗೆಳೆದುಕೊಂಡಳು, ಹೋದಳು. ಆಮೇಲೆ, ಅವಳ ಬೆನ್ನು ಹೊಗೆಯಲ್ಲಿ ಮುಳುಗಿದ ಮೇಲೆ ನನಗೆ ಹಾವು ನೆನಪಾಯಿತು. ಜನವರಿಯಲ್ಲಿ ಕೋಳಿಗೂಡಿನ ಹತ್ತಿರ ಬಂದಿದ್ದ ಕಂದು ಹಾವು, ಎರಡು ಗುಂಡು ಹೊಡೆದು, ಬಂದೂಕನ್ನು ತಿಜೋರಿಗಿಟ್ಟು, ಉಳಿದ ಅರ್ಧ ಪೊಟ್ಟಣ ಹಿಡಿದುಕೊಂಡು ಆ ಬಿಸಿಲಲ್ಲಿ ಪಂಪಿನ ಮನೆವರೆಗೆ ಯಾರು ಹೋಗುತ್ತಾರೆ ಅಂತ ಅಡುಗೆಮನೆಯ ಡ್ರಾಯರಿಗೆ ಎಸೆದಿದ್ದೆ, ದಾರದುಂಡೆ, ಮೇಣದಬತ್ತಿ, ಬೆಂಕಿಪೊಟ್ಟಣಗಳ ಜೊತೆಗೆ, ಸಂಜೆ ಇಟ್ಟರಾಯಿತು ಅಂತ. ಕೂಗಿದೆನೇ, ಬಾಯಿ ತೆರೆದದ್ದು ನೆನಪಿದೆ, ಸದ್ದು ನೆನಪಿಲ್ಲ, ಲಾರಿಯ ಪಂಪಿನ ಅಬ್ಬರ, ಅಷ್ಟರಲ್ಲಿ ಟಪ್ ಅಂತ ಒಂದು, ಮತ್ತೆ ಟಪ್ ಟಪ್, ಎಲ್ಲಿಂದ, ಹೊಗೆಯಲ್ಲಿ ದಿಕ್ಕೇ ಇಲ್ಲ, ಅಡುಗೆಮನೆಯಿಂದಲೋ ಹೊಂಡದ ಕಡೆಯಿಂದಲೋ, ಮೂರು ಮಕ್ಕಳ ತಾಯಿ, ನನ್ನ ಮಾತು ನಂಬಿ — ಬಂದಳು. ಎಲ್ವಾಳನ್ನು ಹೆಗಲಿಗೆ ಹಾಕಿಕೊಂಡು ಬಂದಳು, ಎಲ್ವಾಳ ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ಕೆಮ್ಮುತ್ತಿದ್ದಳು, ಅಂದರೆ ಉಸಿರಿತ್ತು, ಅವರ ಹಿಂದೆಯೇ ಚಾವಣಿ ಕುಸಿದು ಬಿತ್ತು.

ಅಂದಿನಿಂದ ಪಟ್ಟಣದ ಆಸ್ಪತ್ರೆಯಲ್ಲಿ ಎಲ್ವಾಳ ಕೈ ಹಿಡಿದು ಕೂತೆ, ಮುಖದ ಮೇಲೆ ಆಮ್ಲಜನಕದ ಮುಸುಕು, ಮಾತಿಲ್ಲ, ನನಗೂ ಹೇಳುವ ಧೈರ್ಯವಿಲ್ಲ, ಹೇಳಿ ಏನು ಮಾಡುವುದು, ಡ್ರಾಯರಿನ ವಿಷಯ ನನಗೊಬ್ಬನಿಗೇ ಗೊತ್ತು ಅಂದುಕೊಂಡಿದ್ದೆ — ಜೀಪು, ಸಾರ್ಜೆಂಟೇ, ಧೂಳೆಬ್ಬಿಸಿಕೊಂಡು ಹೊಂಡದ ಕಡೆಯಿಂದ ಬರುತ್ತಿದ್ದಾಳೆ, ಅಲ್ಲಿಗೇಕೆ ಹೋಗಿದ್ದಳು. ಝಾಮಿಟ್ ಟೋಪಿ ತೆಗೆದು ಬೂದಿಯ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. ಕೀಲಿ ತಿರುಗಲಿಲ್ಲ, ಸುತ್ತಿಗೆಯ ಪೆಟ್ಟು ಬೇಕಾಯಿತು, ಬಾಗಿಲು ಕಿರುಗುಟ್ಟಿ ತೆರೆಯಿತು, ಮೂರು ನಳಿಗೆಗಳು, ಹಿಡಿಕೆಗಳೆಲ್ಲ ಇದ್ದಿಲು, ಅಪ್ಪನ ಬಂದೂಕು ಯಾವುದೆಂದು ಗುರುತು ಸಿಗಲಿಲ್ಲ, ನನಗೆ ಏನೂ ಅನ್ನಿಸಲಿಲ್ಲ. ಮೂರೂ ಇವೆ, ಅಂದಳು, ಯಾರ ಕೈಗೂ ಸಿಗಲಿಲ್ಲ, ಅಷ್ಟೇ ಬೇಕಾಗಿದ್ದು. ನಾನು ಹೇಳಿಬಿಟ್ಟೆ. ಸಾರ್ಜೆಂಟ್, ನಾನು ಬ್ರಾನ್ವಿನ್‌ಗೆ ಸುಳ್ಳು ಹೇಳಿದೆ, ಅಡುಗೆಮನೆ ಡ್ರಾಯರಲ್ಲಿ ಅರ್ಧ ಪೊಟ್ಟಣ ಇತ್ತು, ಬರ್ಕೊಳ್ಳಿ, ಲೈಸೆನ್ಸ್ ನಂಗೆ ಬೇಡ. ಅವಳು ಜೀಪಿಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದಳು, ಅದರೊಳಗೆ ಕೆಸರು ಮೆತ್ತಿದ, ನೆನೆದು ಬಿರಿದ ರಟ್ಟಿನ ಪೊಟ್ಟಣ. ಇದೇನಾ. ಬೆಂಕಿಗೆ ಹೊಂಡದ ನೀರೆಲ್ಲ ಎಳೆದಿದ್ರಲ್ಲ, ಕೆಸರಲ್ಲಿ ಮೇಲೇ ಕಾಣ್ತಿತ್ತು, ಬೆಳಿಗ್ಗೆ ನೀವು ಈ ಕಡೆ ಹೊರಟ ಮೇಲೆ ನಾನು ಆಸ್ಪತ್ರೆಗೆ ಹೋಗಿದ್ದೆ, ಆಗಷ್ಟೇ ಮುಸುಕು ತೆಗೆದಿದ್ರು ಎಲ್ವಾಗೆ, ಮೊದಲು ಹೇಳಿದ್ದೇ ಇದು, ಭಾನುವಾರ ದಾರ ಹುಡುಕುವಾಗ ಸಿಕ್ತಂತೆ, ಪೆಟ್ಟಿಗೆ ಬೀಗದಕೈ ನಿಮ್ಮ ಕೊರಳಲ್ಲಿ, ನೀವು ಕುರಿ ಹಿಂದೆ, ಅದಕ್ಕೇ ವಾಕರ್ ತಳ್ಕೊಂಡು ಹೋಗಿ ನೀರಿಗೆ ಎಸೆದ್ರಂತೆ. ನಂಗೆ ಯಾಕೆ ಹೇಳಲಿಲ್ಲ ಅವಳು, ಅಂದೆ. ಹೇಳಿದ್ರೆ ಆ ಮುದುಕ ಒಳ್ಳೇ ತೋಟಾ ಹಾಳು ಮಾಡ್ದೆ ಅಂತ ಮೂರು ದಿನ ಗೊಣಗ್ತಾನೆ, ಅಂದ್ರು ಎಲ್ವಾ, ಮತ್ತೆ ಕ್ಲೆಮ್, ಇದಕ್ಕೆ ನಾನು ಬರೆಯೋದು ಬರೀತೀನಿ, ಸುಮ್ನೆ ಬಿಡಲ್ಲ. ಬರೀರಿ, ಅಂದೆ, ಬರೀರಿ, ನೀವು ಅವತ್ತು ತಪಾಸಣೆಗೆ ಬರದೇ ಇದ್ದಿದ್ರೆ ನನಗೆ ಎಲ್ವಾ ಇರ್ತಿರಲಿಲ್ಲ, ಝಾಮಿಟ್ ಬಗ್ಗಿ ನಳಿಗೆಗಳನ್ನು ಚೀಲಕ್ಕೆ ತುಂಬತೊಡಗಿದಳು, ನನ್ನ ಕಡೆ ನೋಡದೆ.

ಇಳಿಜಾರು ಅದು, ಹೊಂಡದ ದಾರಿ, ಕಲ್ಲು, ಮೊಲದ ಬಿಲ, ನನಗೇ ಕಾಲು ಜಾರುತ್ತದೆ, ಹೊಸ ಸೊಂಟ ಇಟ್ಟುಕೊಂಡು ಹೋಗಿ ಬಂದು ಏನೂ ಆಗದವಳ ಹಾಗೆ ಆ ಭಾನುವಾರ ರಾತ್ರಿ ನನಗೆ ಕುರಿಮಾಂಸ ಬಡಿಸಿದಳು, ನಾನು ಉಪ್ಪು ಕಡಿಮೆ ಅಂದೆ. ಎಲ್ವಾ, ನಿನಗೆ ಹೇಗೆ ಹೇಳಲಿ. ಟಪ್ ಅಂದದ್ದೆಲ್ಲ ಹೊಂಡದ ಕಡೆಯದೇ ಹಾಗಾದರೆ, ಪಂಪಿನ ಮನೆಯೂ ಉರಿದಿತ್ತಲ್ಲ, ಪೆಟ್ಟಿಗೆಯ ಬೀಗದೊಳಗೆ, ಯಾರಿಗೂ ತಾಗದೆ, ಆ ಸಾರ್ಜೆಂಟು ಇಡಿಸಿದ ಜಾಗದಲ್ಲಿ. ನನ್ನ ಸುಳ್ಳನ್ನು ನೀನು ಎರಡು ದಿನ ಮೊದಲೇ ನಿಜ ಮಾಡಿಟ್ಟಿದ್ದೆ. ಬ್ರಾನ್ವಿನ್‌ಗೆ ಹೇಳಬೇಕು, ಆಸ್ಪತ್ರೆಗೆ ಹೋಗುವ ಮೊದಲೇ, ಬೇಕರಿಗೆ ಹೋಗಬೇಕು, ಜನ ಇರುತ್ತಾರೆ, ಇರಲಿ, ಎಲ್ಲರೆದುರೇ ಹೇಳುತ್ತೇನೆ, ಬ್ರಾನ್ವಿನ್, ನೀನು ಕೇಳಿದಾಗ ನನಗೆ ನೆನಪಿರಲಿಲ್ಲ, ನಾನು ಯೋಚಿಸಲೇ ಇಲ್ಲ, ಸುಮ್ಮನೆ ಇಲ್ಲ ಅಂದುಬಿಟ್ಟೆ, ಅವಳು ಬೈಯಬಹುದು, ಬೈಯಲಿ, ಹೊಡೆದರೂ ಸರಿ, ಆದರೆ ಅವಳು ಆವತ್ತು ಇನ್ನೊಂದು ಸಲ ಕೇಳಲಿಲ್ಲ, ನಿಜವಾ ಅನ್ನಲಿಲ್ಲ, ಬೆಂಕಿಯ ಬೆಳಕು ಅವಳ ಅರ್ಧ ಮುಖದ ಮೇಲೆ, ನನ್ನ ಮುಖ ನೋಡಿದಳು, ಒಂದು ಸಲ ತಲೆಯಾಡಿಸಿದಳು, ಗಾಜನ್ನು ಕೆಳಗೆಳೆದುಕೊಂಡಳು — ನೋಡಿದಳು, ತಲೆಯಾಡಿಸಿದಳು — ತಲೆಯಾಡಿಸಿದಳು