ಬನಹಟ್ಟಿ ಬಿಸಿಲಲ್ಲಿ ಎರಡು ಜೊತೆ ಸ್ಕೇಟ್ ಬ್ಲೇಡು

ಎಲ್ಲಿಂದ ಶುರು ಮಾಡಲಿ? ಮಂಜುಗಡ್ಡೆಯಿಂದ ಶುರು ಮಾಡಿದರೆ ನೀವು ಬನಹಟ್ಟಿಗೆ ಬರುವುದಿಲ್ಲ. ಬನಹಟ್ಟಿಯಿಂದ ಶುರು ಮಾಡಿದರೆ ಮಂಜುಗಡ್ಡೆಯನ್ನು ನಂಬುವುದಿಲ್ಲ. ಮೊದಲ ಡ್ರಾಫ್ಟಿನಲ್ಲಿ ಶಿಮ್ಲಾದ ಮುಂಜಾವಿನ ಮೇಲೆ ಒಂದೂವರೆ ಪುಟ ಬರೆದಿದ್ದೆ. ದೇವದಾರು, ಹಿಮ, ಬೆಳ್ಳಿ ಬೆಳಕು, ಎಲ್ಲ ಇತ್ತು. ಹರಿದು ಹಾಕಿದೆ. (ನಾನು ಶಿಮ್ಲಾ ನೋಡಿದ್ದು ಕ್ಯಾಲೆಂಡರಿನಲ್ಲಿ.)

ಸರಿ, ನೇರವಾಗಿ ಹೇಳಿಬಿಡುತ್ತೇನೆ.

೧

೧೯೯೦ರ ಮೇ ತಿಂಗಳು. ಶಿಮ್ಲಾದಲ್ಲಿ ಕೇಂದ್ರ ಸರಕಾರದ ನೌಕರಿಯಲ್ಲಿದ್ದ ಗಂಗಾರಾಮ ರಜೆಗೆಂದು ಮಗಳು ಮಾದೇವಿಯನ್ನು ಕರೆದುಕೊಂಡು ಬನಹಟ್ಟಿಗೆ, ತಾಯಿ ಶಂಕ್ರೆವ್ವನ ಮನೆಗೆ ಬಂದಿದ್ದ. ಹೆಂಡತಿ ಶಿಮ್ಲಾದ ಆಸ್ಪತ್ರೆಯೊಂದರಲ್ಲಿ ನರ್ಸು, ಆಕೆಗೆ ರಜೆ ಸಿಕ್ಕಿರಲಿಲ್ಲ. ಮಾದೇವಿಗೆ ಹದಿಮೂರು ವರ್ಷ. ಚಳಿಗಾಲದಲ್ಲಿ ಬಯಲಿಗೆ ಬಿಟ್ಟ ನೀರು ಹೆಪ್ಪುಗಟ್ಟುವ ಆ ಬೆಟ್ಟದೂರಿನಲ್ಲಿ ಅವಳು ಐಸ್ ಮೇಲೆ ಸ್ಕೇಟಿಂಗ್ ಕಲಿಯುತ್ತಿದ್ದಳು.

ಪಡಸಾಲೆಯಲ್ಲಿ ಟ್ರಂಕು ತೆರೆದು, ಹಳೇ ಪೇಪರಿನಲ್ಲಿ ಸುತ್ತಿದ್ದ ಎರಡು ಜೊತೆ ಬ್ಲೇಡುಗಳನ್ನು ಗಂಗಾರಾಮ ಚಾಪೆಯ ಮೇಲಿಟ್ಟ. ಶಂಕ್ರೆವ್ವ ಒಂದನ್ನು ಎತ್ತಿ ನೋಡಿದಳು.

"ಈಳಿಗಿ ಏನೋ ಇದು? ಬದನಿಕಾಯಿ ಹೆಚ್ಚಾಕ ಛಲೋ ಐತಿ."

"ಆಯಿ, ಅದು ಬೂಟಿನ ತಳಕ್ಕ ಹಚ್ಚಿ ಕಾಲಿಗಿ ಹಾಕ್ಕೊಳ್ಳೂದು," ಎಂದಳು ಮಾದೇವಿ.

"ಕಾಲಿಗಿ ಈಳಿಗಿ ಕಟಗೊಂಡು ಕುಣೀತಿಯೇನ ಬೇ ನೀ?"

(ಇಲ್ಲಿ ನಾನು ಬ್ಲೇಡಿನ ಬಗ್ಗೆ ನಿಮಗೆ ತಿಳಿಸಬೇಕು. ಹಿಂದಿನ ಡ್ರಾಫ್ಟಿನಲ್ಲಿ ಇದನ್ನು ಕವಿತೆಯ ಹಾಗೆ ಬರೆದು ನಗೆಪಾಟಲಾದೆ. ಈ ಸಲ ಸುಮ್ಮನೆ ಹೇಳುತ್ತೇನೆ.) ಒಂದು ಜೊತೆಯ ಮುಂತುದಿಯಲ್ಲಿ ದೊಡ್ಡ ಹಲ್ಲುಗಳಿದ್ದವು. ಅದು ಹಾರುವವರ ಬ್ಲೇಡು. ಹಲ್ಲನ್ನು ಐಸಿಗೆ ಚುಚ್ಚಿ ಮೇಲಕ್ಕೆ ಜಿಗಿಯುತ್ತಾರೆ. ಇನ್ನೊಂದು ಜೊತೆಯ ಹಲ್ಲು ಸಣ್ಣವು, ತಳ ಹೆಚ್ಚು ಸಪಾಟು. ಅದು ಐಸಿನ ಮೇಲೆ ವೃತ್ತ ಬಿಡಿಸುವವರದ್ದು. ಒಂದೇ ಕಾಲಿನಲ್ಲಿ ನಿಧಾನವಾಗಿ ಜಾರುತ್ತ ಎಂಟರ ಆಕಾರ ಬರೆಯಬೇಕು, ಮತ್ತೆ ಅದೇ ಗೆರೆಯ ಮೇಲೆ ಗೆರೆ ಬೀಳಬೇಕು.

ಎರಡೂ ಶಿಮ್ಲಾದ ಮುದುಕಿ ಮೇಡಮ್ಮಿನವು. ಮಾದೇವಿಗೆ ಸ್ಕೇಟಿಂಗ್ ಕಲಿಸುವವರು. ಒಂದು ಜೊತೆ ಮಾದೇವಿಗೆ, ಉಳಿದದ್ದು ಇನ್ನೊಬ್ಬ ಹುಡುಗಿಗೆ. ಮೊದಲು ಆರಿಸುವ ಹಕ್ಕು ಮಾದೇವಿಯದು. ಊರಿಗೆ ಒಯ್ದು ಸಮಾಧಾನದಿಂದ ನೋಡಿ ತೀರ್ಮಾನ ಮಾಡು ಎಂದಿದ್ದರಂತೆ.

೨

ಗಂಗಾರಾಮನಿಗೆ ಅನುಮಾನವೇ ಇರಲಿಲ್ಲ. "ದೊಡ್ಡ ಹಲ್ಲಿಂದು ತಗೊ. ಹಾರಿದವರಿಗೇ ಈಗ ಬಹುಮಾನ. ಆ ಸುತ್ತು ಹಾಕೂದನ್ನ ದೊಡ್ಡ ದೊಡ್ಡ ಸ್ಪರ್ಧಾದಾಗ ತಗದ ಹಾಕಾಕತ್ತಾರ, ಮೇಡಮ್ಮೇ ಹೇಳ್ಯಾರ."

ಅದು ಖರೆ. ಆ ವರ್ಷವೇ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ವೃತ್ತ ಬಿಡಿಸುವ ಭಾಗ ಹೋಗುತ್ತಿತ್ತು.

"ನನಗ ಸಣ್ಣ ಹಲ್ಲಿಂದು ಬೇಕಪ್ಪಾ."

ಗಂಗಾರಾಮ ಮಗಳ ಬಲಗೈ ನೋಡಿದ. ಹಿಂದಿನ ಚಳಿಗಾಲ ಜಿಗಿಯಲು ಹೋಗಿ ಬಿದ್ದು ಮಣಿಕಟ್ಟು ಮುರಿದಿತ್ತು. "ಹೆದರಿಕಿ ಆಗೇತೇನು?"

"ಇಲ್ಲ."

"ಆಗೇತಿ. ಅದಕ್ಕ ಹಿಂಗಂತಿ."

ಮಾದೇವಿ ಎದ್ದು ಹಿತ್ತಲಿಗೆ ಹೋದಳು.

ಇಲ್ಲಿ ನಾನು ಮಧ್ಯೆ ಬಾಯಿ ಹಾಕಿದೆ. ಕತೆಗಾರನಿಗೆ ಅಷ್ಟು ಸಲಿಗೆ ಇರುತ್ತದೆ ಅಂದುಕೊಂಡಿದ್ದೆ. ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದವಳ ಬಳಿ ಹೋಗಿ, ಹಾರುವ ಬ್ಲೇಡು ತಗೋ ಮಾದೇವಿ, ಮುರಿದ ಕೈಯ ಹುಡುಗಿ ಮತ್ತೆ ಹಾರಿದಳು ಅಂದರೆ ಓದುವವರಿಗೆ ಬಹಳ ಹಿಡಿಸುತ್ತದೆ ಎಂದೆ.

"ನಿಮ್ಮ ಓದುವವರು ಬೀಳೂದಿಲ್ಲರಿ," ಎಂದಳು. "ಬೀಳಾಕಿ ನಾ."

ಅಂದರೆ ಹೆದರಿಕೆ ಇದೆ ಅಂತಾಯಿತು ಎಂದೆ, ಗೆದ್ದವನಂತೆ.

"ಬೀಳೂದು ಗೊತ್ತೈತಿ ಅಂದೆ. ಹೆದರಿಕಿ ಅಂತ ನೀವ ಬರಕೊಂಡ್ರಿ."

ನಾನು ಆ ಡ್ರಾಫ್ಟನ್ನೂ ಹರಿದೆ.

೩

ಮರುದಿನ ಮಾದೇವಿ ಒಂದೇ ಮಾತು ಹಿಡಿದಳು. "ಬರ್ಫ ತರಸ್ರಿ. ತೋರಸ್ತೇನಿ."

ಗಂಗಾರಾಮನ ತಮ್ಮ ವಿಠೋಬಾನದು ಮನೆಯ ಪಕ್ಕದಲ್ಲೇ ಪವರ್‌ಲೂಮ್ ಶೆಡ್ಡು. ಅಣ್ಣನ ಮಗಳ ಮಾತೆಂದರೆ ಅವನು ಎದ್ದು ನಿಲ್ಲುವವನು. ಅವನನ್ನು ಲೂನಾದ ಮೇಲೆ ಜಮಖಂಡಿಗೆ ಕಳಿಸಬೇಕೆಂದು ನಾನು ಬರೆದೆ. ದಾರಿ ಉದ್ದ, ಬಿಸಿಲು ಜೋರು, ಐಸ್ ಕರಗುತ್ತ ಬರುತ್ತದೆ, ಸಸ್ಪೆನ್ಸು.

"ನಿಮ್ಮ ತಲಿ ನೆಟ್ಟಗೈತೇನ್ರಿ?" ಎಂದು ವಿಠೋಬಾ ನನ್ನನ್ನೇ ಕೇಳಿದ. "ಜಮಖಂಡಿಯಿಂದ ತಂದ್ರ ಇಲ್ಲಿ ಬರೂದರಾಗ ಬರೇ ಹಸಿ ಚೀಲ ಉಳಿತೈತಿ. ರಬಕವ್ಯಾಗ ಐಸ್ ಫ್ಯಾಕ್ಟರಿ ಐತಿ, ಈಗ ಹೋಗಿ ಈಗ ಬರತೇನಿ."

ಹಾಗೇ ಮಾಡಿದ. ಗೋಣಿಚೀಲದಲ್ಲಿ, ಕಟ್ಟಿಗೆ ಹೊಟ್ಟಿನ ನಡುವೆ ಸುತ್ತಿದ್ದ ದೊಡ್ಡ ಗಡ್ಡೆಯನ್ನು ಶೆಡ್ಡಿನ ಫರಶಿ ಕಲ್ಲಿನ ಮೇಲೆ ಇಳಿಸಿದ. ಮಗ್ಗ ನಿಲ್ಲಿಸಿ ಕೆಲಸದವರು ಸುತ್ತ ನಿಂತರು. ಶಂಕ್ರೆವ್ವ ಸೆರಗಿನಿಂದ ಹೊಟ್ಟು ಝಾಡಿಸಿದಳು.

ಮಾದೇವಿ ಮಂಡಿಯೂರಿ ಕೂತು ಹಾರುವ ಬ್ಲೇಡನ್ನು ಕೈಯಲ್ಲಿ ಹಿಡಿದು ಐಸಿನ ಮೇಲೆ ಕಮಾನಿನಂತೆ ಎಳೆದಳು. ಗೆರೆ ಆಳವಾಗಿ ಬಿತ್ತು. ಕೊನೆಯಲ್ಲಿ ಹಲ್ಲು ತಾಗಿ ಐಸ್ ಚೂರುಚೂರಾಗಿ ಎದ್ದಿತು. ಆಮೇಲೆ ಇನ್ನೊಂದನ್ನು ತೆಗೆದುಕೊಂಡು, ತುಸು ವಾರೆ ಹಿಡಿದು, ಉಸಿರು ಬಿಗಿಹಿಡಿದು ಎಳೆದಳು. ಕೂದಲಿನಷ್ಟು ತೆಳ್ಳಗಿನ ಒಂದೇ ಗೆರೆ. ಅದೇ ಗೆರೆಯ ಮೇಲೆ ಇನ್ನೊಮ್ಮೆ ಎಳೆದಳು. ಗೆರೆ ಎರಡಾಗಲಿಲ್ಲ. ಮತ್ತೊಮ್ಮೆ ಎಳೆದಳು. ಆಗಲೂ ಆಗಲಿಲ್ಲ.

"ಇಷ್ಟ ನೋಡಪ್ಪಾ. ಕಾಲಿಲೆ ಹಿಂಗ ಬರಿಯೂದು. ನನಗ ಇದು ಸೇರತೈತಿ. ಹಾರೂದು ಬರತೈತಿ, ಆದ್ರ ಸೇರೂದಿಲ್ಲ."

ಗಂಗಾರಾಮ ಗೆರೆಯನ್ನು ನೋಡಲಿಲ್ಲ. ಮುರಿದು ಕೂಡಿದ ಆ ಮಣಿಕಟ್ಟನ್ನು ನೋಡುತ್ತಿದ್ದ. ಶಂಕ್ರೆವ್ವ ಅದನ್ನು ಗಮನಿಸಿದಳು.

"ಹೆದರಿದಾಕಿ ಕೈ ಹಿಂಗ ಇರತೈತೇನೋ ಗಂಗಾ? ಒಂಚೂರು ನಡಗಲಿಲ್ಲ ನೋಡು. ಹೆದರಿಕಿ ನಿನಗೈತಿ. ಮಗಳು ಹಿಂದ ಬಿದ್ದಾಳು ಅಂತ."

"ಯವ್ವಾ, ನೀ ಸುಮ್ಮಕಿರು."

"ಇರತೇನಿ. ನೀನೂ ಇರು."

ಗಂಗಾರಾಮ ಬಹಳ ಹೊತ್ತು ಆ ಗಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಐಸಿನ ನೀರು ಹರಿದು ಬಂದು ಅವನ ಧೋತರದ ತುದಿ ತೊಯ್ದಿತು. "ಆ ಜೋಡಿ ಬ್ಯಾರೆ ಹುಡುಗಿ ಕೈಗಿ ಹೋತು ಅಂದ್ರ ತಿರುಗಿ ಸಿಗೂದಿಲ್ಲ," ಎಂದ ಕೊನೆಗೆ.

"ಹೋಗಲಿ."

"ಸ್ಪರ್ಧಾದಾಗ ಕಡಿಗಿ ಬಂದ್ರ?"

"ಕಡಿಗಿ ಬರತೇನಿ."

ಉಳಿದ ಐಸನ್ನು ಒಡೆದು ಕೆಲಸದವರೆಲ್ಲ ಶರಬತ್ತು ಮಾಡಿಕೊಂಡು ಕುಡಿದರು. (ಈ ವಾಕ್ಯ ಕತೆಗೆ ಬೇಕಿಲ್ಲ ಅಂತ ನನಗೂ ಗೊತ್ತು. ಆದರೆ ಬಿಸಿಲಿತ್ತು, ಮತ್ತು ಕುಡಿದರು.)

೪

ಈಗ ಮುಕ್ತಾಯಗಳು.

ಮುಕ್ತಾಯ ಅ: ಮಾದೇವಿ ವೃತ್ತ ಬಿಡಿಸಿಯೇ ಗೆಲ್ಲುತ್ತಾಳೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಬರೆದೆ. ಓದಿದ ಮಾದೇವಿ, "ವೃತ್ತಕ್ಕ ಸ್ಪರ್ಧಾನ ಇಲ್ಲಲ್ರಿ, ಗೆಲ್ಲೂದು ಎಲ್ಲಿಂದ?" ಎಂದಳು.

ಮುಕ್ತಾಯ ಆ: ಪಶ್ಚಾತ್ತಾಪ. ದೊಡ್ಡ ಹಲ್ಲಿನ ಬ್ಲೇಡಿನ ಹುಡುಗಿಯನ್ನು ನೋಡಿ ಮಾದೇವಿ ಅಳುತ್ತಾಳೆ. ಇದನ್ನು ಓದಿ ಅವಳು ಹಾಳೆಯನ್ನು ತಿರುಗಿಸಿ ಕೊಟ್ಟಳು.

ನಡೆದದ್ದು ಇದು. ಡಿಸೆಂಬರಿನಲ್ಲಿ ಶಿಮ್ಲಾದ ಬಯಲಲ್ಲಿ ಐಸ್ ಬಿಗಿಯಿತು. ಅಲ್ಲಿಯ ಸಣ್ಣ ಸ್ಪರ್ಧೆಯಲ್ಲಿ ಎಲ್ಲ ಹುಡುಗಿಯರೂ ಜಿಗಿದರು. ಮಾದೇವಿ ಸಣ್ಣ ಹಲ್ಲಿನ ಬ್ಲೇಡಿನಲ್ಲೇ ಒಂದು ಪುಟ್ಟ ಜಿಗಿತ ಜಿಗಿದು, ಬೀಳದೆ ಇಳಿದು, ಉಳಿದ ಹೊತ್ತೆಲ್ಲ ತನ್ನ ಪಾಡಿಗೆ ಜಾರಿದಳು. ಕೊನೆಯವಳಾದಳು.

"ಕಡಿಗಿ ಬಂದೆ ಅಂತ ಬರೀರಿ," ಎಂದು ನನಗೆ ಹೇಳಿದಳು. "ಅಡಗಸಬ್ಯಾಡ್ರಿ. ಕೆಟ್ಟ ಅನಸಲಿಲ್ಲ ಅಂತನೂ ಬರೀಬ್ಯಾಡ್ರಿ. ಒಂದ ದಿನ ಅನಿಸಿತು."

ಎರಡನೇ ದಿನ ಮೇಡಮ್ ಹೊಸದಾಗಿ ಸೇರಿದ ಸಣ್ಣ ಮಕ್ಕಳನ್ನು ಅವಳ ಮುಂದೆ ಸಾಲಾಗಿ ನಿಲ್ಲಿಸಿದರು. ಒಂದು ಕಾಲ ಮೇಲೆ ನಿಲ್ಲುವುದನ್ನು ಕಲಿಸು ಎಂದರು. ಅವಳು ಕಲಿಸಿದಳು. ಬೇಲಿಯ ಆಚೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ ಗಂಗಾರಾಮ ಮಕ್ಕಳೆಲ್ಲ ಮನೆಗೆ ಹೋಗುವವರೆಗೂ ಅಲ್ಲಾಡಲಿಲ್ಲ. ಆಮೇಲೆ ಬಾಡಿಗೆ ಬೂಟು ಕೊಡುವ ಕಿಟಕಿಯ ಹತ್ತಿರ ಹೋದ. ಆ ಊರಿಗೆ ಬಂದಾಗಿನಿಂದ ಒಮ್ಮೆಯೂ ಐಸ್ ಮೇಲೆ ಕಾಲಿಟ್ಟವನಲ್ಲ.

"ಅಪ್ಪಾ, ಏನ ಮಾಡಾಕತ್ತಿ?"

"ಲೇಸ್ ಕಟ್ಟಾಕತ್ತೇನಿ. ಕಾಣೂದಿಲ್ಲೇನು?"

ಮಾದೇವಿ ಅವನ ಕೈ ಹಿಡಿದು ನಡುವಿನವರೆಗೆ ತಂದಳು. ಅವನ ಎರಡೂ ಮೊಣಕಾಲು ತಮ್ಮ ತಮ್ಮ ದಾರಿ ಹಿಡಿದಿದ್ದವು. "ಕೆಳಗ ನೋಡಬ್ಯಾಡ," ಎಂದಳು. "ಈಗ ನಾ ಕೈ ಬಿಡತೇನಿ. ನೀ ಒಂದ ಕಾಲ ಎತ್ತು."

"ಯಾವ ಕಾಲ?"

"ಯಾವದಾರ ಎತ್ತು."

ಅವಳು ಕೈ ಬಿಟ್ಟಳು. ಗಂಗಾರಾಮ ಎಡಗಾಲು ಎತ್ತಿದ.

ಇದಾದ ಮೇಲೆ ಒಂದು ವಾಕ್ಯ ಬರೆಯಬೇಕು ಅಂತ ನೀವು ಕಾಯುತ್ತಿದ್ದೀರಿ. ಬಿದ್ದನೋ, ನಿಂತನೋ. ಪೆನ್ನು ನನ್ನ ಕೈಯಲ್ಲೇ ಇದೆ, ಒಂದು ಪದ ಸಾಕು. ಆದರೆ ಅವನ ಕಾಲು ಇನ್ನೂ ಗಾಳಿಯಲ್ಲಿದೆ, ಮಗಳು ತೋಳು ಕಟ್ಟಿ ನಗುತ್ತಿದ್ದಾಳೆ, ಮತ್ತು ಅದನ್ನು ಕೆಳಗಿಳಿಸು ಎಂದು ಹೇಳಲು ನಾನ್ಯಾರು?