ಕಿವಿ ಮಿಷಿನ್ನಿಗೆ ಒಂದು ವರ್ಷ ವಾರಂಟಿ

ಕಿವಿಗೆ ಹಾಕುವ ಆ ಮಿಷಿನ್ನು ಕೊಂಡ ಮೂರನೆಯ ದಿನವೇ ಕೆಟ್ಟಿತ್ತು. ಅದು ಮನೆಯವರಿಗೆ ಗೊತ್ತಾದದ್ದು ಇಪ್ಪತ್ತಾರನೆಯ ದಿನ, ಅದೂ ಮಗಳ ಚೇಷ್ಟೆಯಿಂದ.

ಅವಳಪ್ಪ ಸ್ನಾನಕ್ಕೆ ಹೋಗಿದ್ದ. ಮಿಷಿನ್ನು ಕಿಟಕಿಯ ಕಟ್ಟೆಯ ಮೇಲೆ ಹಸಿರು ದೀಪ ಮಿನುಗಿಸುತ್ತ ಕೂತಿತ್ತು. ಒಂಬತ್ತನೇ ತರಗತಿಯ ಹುಡುಗಿ, ಕೈ ಸುಮ್ಮನಿರಬೇಕಲ್ಲ. ತೆಗೆದು ತನ್ನ ಕಿವಿಗೆ ತುರುಕಿಕೊಂಡಳು. ಎರಡು ನಿಮಿಷ ಬಿಟ್ಟು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಅಮ್ಮಾ, ಇದರಲ್ಲಿ ಏನೂ ಕೇಳಿಸ್ತಿಲ್ಲ."

"ಇಡು ಅದನ್ನ ಅಲ್ಲಿ. ಕೆಡಿಸಿಟ್ರೆ ನಿನ್ನಪ್ಪನಿಗೆ ನೀನೇ ಉತ್ತರ ಹೇಳು."

"ಕೆಡಿಸೋಕೆ ಏನಿದೆ? ಹತ್ತಿ ಇಟ್ಕೊಂಡ ಹಾಗಿದೆ. ನೀನೇ ಹಾಕಿ ನೋಡು."

ಆಕೆ ಕೈ ಒರೆಸಿಕೊಂಡು ಹಾಕಿ ನೋಡಿದಳು. ಆ ಕಿವಿಗೆ ತಾನು ಉಗುಳು ನುಂಗಿದ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಗುಂಡಿ ಒತ್ತಿದಳು, ತಿರುಗಿಸಿದಳು, ಊದಿದಳು. ದೀಪ ಮಾತ್ರ ಏನೂ ಆಗಿಯೇ ಇಲ್ಲ ಎಂಬಂತೆ ಮಿನುಗುತ್ತಲೇ ಇತ್ತು.

ಹಾಗಾದರೆ ಇಷ್ಟು ದಿನ? ದಿನಾ ಬೆಳಗ್ಗೆ ಅದನ್ನು ಕಿವಿಗಿಟ್ಟುಕೊಂಡು, ಕನ್ನಡಿಯಲ್ಲಿ ನೋಡಿಕೊಂಡು, ಕೆಲಸಕ್ಕೆ ಹೊರಡುತ್ತಿದ್ದ ಗಂಡ? "ಕೇಳಿಸ್ತಿದೆಯೇನ್ರೀ?" ಎಂದರೆ, "ಕೇಳಿಸದೆ ಏನು? ನಿನ್ನ ಗೊಣಗಾಟವೂ ಬಿಡದೆ ಕೇಳಿಸ್ತಿದೆ, ಅದೇ ಕಷ್ಟ" ಎಂದು ನಗುತ್ತಿದ್ದವನು?

ಇಪ್ಪತ್ತೆರಡು ವರ್ಷ ಅವನು ಮರದ ಮಿಲ್ಲಿನ ದೊಡ್ಡ ಗರಗಸದ ಮುಂದೆ ನಿಂತವನು. ಎಡಗಿವಿ ಎಂದೋ ಹೋಗಿತ್ತು. ಬಲಗಿವಿಯೂ ಮಂದವಾಗುತ್ತ ಬಂದಾಗ ಯಾರು ಏನು ಕೇಳಿದರೂ "ಹೂಂ, ಹೂಂ" ಅನ್ನುವುದನ್ನು ರೂಢಿ ಮಾಡಿಕೊಂಡ. ಮಿಲ್ಲಿನವರು ಅದನ್ನು ಒಳ್ಳೆಯತನವೆಂದು ತಿಳಿದು 'ಹೂಂಗುಟ್ಟಪ್ಪ' ಎಂದು ಹೆಸರಿಟ್ಟರು. ಕೊನೆಗೊಂದು ದಿನ ಮಾಲೀಕ ಕರೆದು ಹೇಳಿದ: ಹಿಂದಿನಿಂದ ಕೂಗಿದರೆ ಕೇಳಿಸದವನು ಗರಗಸದ ಮುಂದೆ ನಿಲ್ಲುವ ಹಾಗಿಲ್ಲ, ಕಿವಿಗೆ ಏನಾದರೂ ಮಾಡಿಸಿಕೊಂಡು ಬಾ, ಇಲ್ಲವಾದರೆ ಹೊಟ್ಟು ಗುಡಿಸು. ಆಸ್ಪತ್ರೆಯ ಬಟ್ಟೆ ಇಸ್ತ್ರಿ ಮಾಡುವ ಕೋಣೆಯಲ್ಲಿ ಆಕೆ ಏಳು ತಿಂಗಳು ಎರಡೆರಡು ಪಾಳಿ ನಿಂತು ಕೊಂಡ ಮಿಷಿನ್ನು ಅದು.

ಅವನು ತಲೆ ಒರೆಸಿಕೊಳ್ಳುತ್ತ ಹೊರಬಂದ. ಹೆಂಡತಿಯ ಅಂಗೈಯಲ್ಲಿ ಮಿಷಿನ್ನು ಕಂಡು ಅಲ್ಲೇ ನಿಂತ. ಆಕೆ ಎದುರಿಗೆ ಬಂದು, ತುಟಿ ಕಾಣುವ ಹಾಗೆ ಕೇಳಿದಳು: "ಎಷ್ಟು ದಿನ ಆಯ್ತು?"

"ತಂದ ಮೂರನೇ ದಿನಕ್ಕೇ."

"ಯಾಕ್ರೀ ಬಾಯಿ ಬಿಡಲಿಲ್ಲ?"

ಅವನು ಮಂಚದ ತುದಿಗೆ ಕೂತ. "ದೀಪ ಉರೀತಿತ್ತಲ್ಲ ಕಣೆ. ಮಿಷಿನ್ನು ಚೆನ್ನಾಗೇ ಇದೆ, ನನ್ನ ಕಿವೀನೇ ಪೂರ್ತಿ ಹೋಯ್ತು ಅಂದ್ಕೊಂಡೆ. ನೀನು ಅಷ್ಟು ಕಷ್ಟಪಟ್ಟು ತಂದಿದ್ದೀಯ, ಹೇಗೆ ಹೇಳಲಿ?"

ಆಕೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಹೋಗಿರೋದು ನಿಮ್ಮ ಕಿವಿ ಅಲ್ಲ, ಈ ದರಿದ್ರ ಮಿಷಿನ್ನು!" ಎಂದು ಎರಡೆರಡು ಸಲ ಹೇಳಿದಳು. ಅವನು ನಂಬಲಿಲ್ಲ. ಮಗಳು ಮಿಷಿನ್ನನ್ನು ಮತ್ತೆ ಕಿವಿಗಿಟ್ಟುಕೊಂಡು, ಏನೂ ಇಲ್ಲ ಎಂದು ಕೈಯಾಡಿಸಿ ತೋರಿಸಿದಳು. ಆಗ ಅವನ ಮುಖ ನಿಧಾನವಾಗಿ ಅರಳಿತು. ಅಂದು ಎಂದಿಗಿಂತ ಎರಡು ತುತ್ತು ಹೆಚ್ಚೇ ಉಂಡ.

ಅಂಗಡಿಯವನು ಟೈ ಕಟ್ಟಿಕೊಂಡ ತೆಳ್ಳಗಿನ ಮನುಷ್ಯ. ಮಾರುವಾಗ 'ಅಮ್ಮಾ' ಅಂದವನು ಈಗ 'ಮೇಡಂ' ಅಂದ.

"ಹದಿನೈದು ದಿನದೊಳಗೆ ಬಂದಿದ್ರೆ ಕಣ್ಮುಚ್ಚಿ ಬದಲಾಯಿಸಿ ಕೊಡ್ತಿದ್ದೆ ಮೇಡಂ. ಈಗ ನನ್ನ ಕೈಲಿಲ್ಲ. ಬೆವರು ಇಳಿದಿರುತ್ತೆ. ಅಲ್ಲದೆ ಹತ್ತನೇ ದಿನ ನಾವೇ ಫೋನ್ ಮಾಡಿ ವಿಚಾರಿಸಿದ್ದೀವಿ. ಚೆನ್ನಾಗಿದೆ ಅಂದಿದ್ದಾರೆ ನಿಮ್ಮ ಯಜಮಾನ್ರು. ರೆಕಾರ್ಡಿಂಗ್ ಇದೆ."

"ಹಾಕಿ, ಕೇಳೋಣ."

ಹಾಕಿದ. ಒಬ್ಬ ಹುಡುಗಿಯ ದನಿ: ಸಾರ್, ಮಿಷಿನ್ ಚೆನ್ನಾಗಿ ಕೇಳಿಸ್ತಿದೆಯಾ? ಗಂಡನ ದನಿ: ಹೂಂ, ಚೆನ್ನಾಗಿದೆ. ಬ್ಯಾಟರಿ ಎಷ್ಟು ಹೊತ್ತು ಬರ್ತಿದೆ ಸಾರ್? ಹೂಂ, ಚೆನ್ನಾಗಿದೆ. ನಿಮ್ಮ ವಯಸ್ಸೆಷ್ಟು ಸಾರ್? ಹೂಂ, ಚೆನ್ನಾಗಿದೆ.

ಪಕ್ಕದಲ್ಲಿದ್ದ ಇನ್ನೊಬ್ಬ ಗಿರಾಕಿ ಕಿಸಕ್ಕೆಂದ. ಆಕೆಗೆ ಮೈಯೆಲ್ಲ ಉರಿದುಹೋಯಿತು.

"ಕಿವಿ ಕೇಳದವರಿಗೆ ಫೋನ್ ಮಾಡಿ, ಕೇಳಿಸ್ತಿದೆಯಾ ಅಂತ ವಿಚಾರಿಸಿದ್ದೀರಲ್ಲ, ನಿಮ್ಮ ಬುದ್ಧಿಗೆ ಏನು ಹೇಳಲಿ ಸ್ವಾಮಿ?"

"ರೂಲ್ಸ್ ಮೇಡಂ. ನಾನೂ ಸಂಬಳಕ್ಕಿರೋನು."

ಮನೆಗೆ ಬಂದ ಮೇಲೆ ಮಗಳು ವಾರಂಟಿ ಕಾರ್ಡನ್ನು ಇರುವೆಯಂಥ ಅಕ್ಷರ ಸಮೇತ ಓದಿದಳು. ಹದಿನೈದು ದಿನ ಅಂಗಡಿಯವರ ಮಾತು, ತಯಾರಿಕೆಯ ದೋಷಕ್ಕೆ ಒಂದು ವರ್ಷ ಅನ್ನುವುದು ಕಂಪನಿಯ ಮಾತು. ಗ್ರಾಹಕರ ದೂರು ಕಚೇರಿ ಎಲ್ಲಿದೆ ಎಂದು ಇಸ್ತ್ರಿ ಕೋಣೆಯ ಮೇಲ್ವಿಚಾರಕಿ ಹೇಳಿದಳು. ಮಗಳು ಬರೆದಳು, ಗಂಡ ಸಹಿ ಹಾಕಿದ, ಆಕೆ ಅರ್ಧ ದಿನದ ರಜೆ ಮೂರು ಸಲ ಕಳೆದುಕೊಂಡು ಸಾಲಿನಲ್ಲಿ ನಿಂತಳು. ಅಲ್ಲಿದ್ದ ಗುಮಾಸ್ತೆ ದೂರು ಓದಿ, ಕನ್ನಡಕ ತೆಗೆದು, "ಆ ರೆಕಾರ್ಡಿಂಗ್ ಬಿಡಬೇಡಿ ಅಕ್ಕಾ, ಅದೇ ನಿಮ್ಮ ಸಾಕ್ಷಿ" ಎಂದಳು. "ಹೊಸದು ಕೊಟ್ರೆ ಕಣ್ಣೆದುರಿಗೆ ಪರೀಕ್ಷೆ ಮಾಡಿಸದೆ ಸಹಿ ಮಾತ್ರ ಹಾಕಬೇಡಿ."

ಕಾಗದ ಓಡಾಡಲು ಏಳು ವಾರ ಹಿಡಿಯಿತು. ಆ ಏಳು ವಾರವೂ ಗಂಡ ಮಿಲ್ಲಿಗೆ ಹೋದ. ಕೆಟ್ಟ ಮಿಷಿನ್ನು ಕಂಪನಿಗೆ ಹೋಗಿದ್ದರಿಂದ, ಮಾಲೀಕನ ಕಣ್ಣಿಗೆ ಕಾಣಲೆಂದು ಅದೇ ಬಣ್ಣದ ಪ್ಲಾಸ್ಟಿಕ್ ಚೂರೊಂದನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ಬೇಡವೆಂದರೆ, "ಹೊಸದು ಬರೋವರೆಗೆ ತಾನೇ? ಕಣ್ಣು ಇದೆಯಲ್ಲ" ಅನ್ನುತ್ತಿದ್ದ. ಸಂಜೆ ಅವನು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಆಕೆ ಮೊದಲು ಮುಖ ನೋಡುತ್ತಿರಲಿಲ್ಲ. ಕೈ ನೋಡಿ, ಹತ್ತೂ ಬೆರಳು ನೋಡಿ, ಆಮೇಲೆ ನೀರು ಕೊಡುತ್ತಿದ್ದಳು.

ಎಂಟನೆಯ ವಾರ ಅಂಗಡಿಯಿಂದ ಕರೆ ಬಂತು. ಒಳಗಿನ ತಂತಿಯ ಬೆಸುಗೆ ಕಾರ್ಖಾನೆಯಲ್ಲೇ ಸರಿಯಾಗಿ ಕೂತಿರಲಿಲ್ಲವಂತೆ, ತಪ್ಪು ನಮ್ಮದೇ, ಬದಲಿ ಬಂದಿದೆ, ಯಜಮಾನರನ್ನೂ ಕರೆದುಕೊಂಡು ಬನ್ನಿ. ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ. ದಾರಿಯುದ್ದಕ್ಕೂ, "ಗೆದ್ದುಬಿಟ್ಟೆ ಕಣೆ ನೀನು" ಎಂದು ಬಸ್ಸಿನವರಿಗೆಲ್ಲ ಕೇಳಿಸುವಂತೆ ಹೇಳಿದ.

ಅಂಗಡಿಯವನು ಹೊಸ ಮಿಷಿನ್ನು, ಹೊಸ ಕಾರ್ಡು, ದೂರು ವಾಪಸ್ ತೆಗೆದುಕೊಳ್ಳುವ ಕಾಗದ, ಪೆನ್ನು, ಎಲ್ಲ ಒಟ್ಟಿಗೇ ಮುಂದಿಟ್ಟ. ಆಕೆ ಪೆನ್ನು ತೆಗೆದುಕೊಂಡಳು, ಸಹಿಗೆಂದು ಗಂಡನ ಕೈಗೆ ಕೊಡಲಿಲ್ಲ.

"ಮೊದಲು ಪರೀಕ್ಷೆ."

ಒಳಗಿನ ಗಾಜಿನ ಕೋಣೆಯಲ್ಲಿ ಅಂಗಡಿಯವನು ಮಿಷಿನ್ನನ್ನು ಸದ್ದು ಅಳೆಯುವ ಒಂದು ಡಬ್ಬಿಯೊಳಗಿಟ್ಟ. ಅವನು ಚಪ್ಪಾಳೆ ತಟ್ಟಿದಾಗಲೆಲ್ಲ ಪರದೆಯ ಮೇಲಿನ ಗೆರೆ ಚಂಗನೆ ನೆಗೆಯಿತು. ಪಿಸುಗುಟ್ಟಿದರೂ ಅಲುಗಿತು. ಆಕೆಗೆ ಓದಲು ಬಾರದ ಗೆರೆಯಾದರೂ ಅರ್ಥ ಮಾತ್ರ ಚೆನ್ನಾಗಿಯೇ ಆಯಿತು. ಆಮೇಲೆ ಅದನ್ನು ಗಂಡನ ಬಲಗಿವಿಗೆ ಕೂರಿಸಿ, ಹೇಳಿದ್ದನ್ನು ಹಾಗೇ ತಿರುಗಿ ಹೇಳಬೇಕೆಂದು ಬರೆದು ತೋರಿಸಿ, ಅಂಗಡಿಯವನು ಬೆನ್ನ ಹಿಂದೆ ಹೋಗಿ ನಿಂತ.

"ಮರ."

ಗಂಡ ಗೋಡೆ ನೋಡುತ್ತ ಕೂತಿದ್ದ.

"ಬಾಗಿಲು."

ಅಂಗಡಿಯವನು ಮಿಷಿನ್ನಿನ ದನಿ ಏರಿಸಿದ. ಇನ್ನೂ ಏರಿಸಿದ. "ನೀರು!" ಎಂದು ಕೂಗಿದಾಗ ಹೊರಗೆ ಕೂತಿದ್ದವರೂ ತಿರುಗಿ ನೋಡಿದರು.

"ಶುರು ಮಾಡಲಿ," ಎಂದ ಗಂಡ, ಬೆನ್ನು ನೆಟ್ಟಗೆ ಮಾಡಿಕೊಂಡು. "ನಾನು ರೆಡಿ."

ಅಂಗಡಿಯವನು ಆಕೆಯ ಕಡೆ ನೋಡಿದ. ಯಾರಿಗೆ ಕೇಳಿಸುತ್ತದೆಂದೋ, ದನಿ ತಗ್ಗಿಸಿದ. "ಅಮ್ಮಾ, ಮಿಷಿನ್ನು ಸರಿಯಾಗಿದೆ. ಮೊದಲ ಸಲ ಬಂದಾಗ ಇದೇ ಕಿವಿ ಹತ್ತಕ್ಕೆ ಆರು ಮಾತು ಹಿಡೀತಿತ್ತು. ಈಗ... ಬೇಗ ಡಾಕ್ಟರಿಗೆ ತೋರಿಸಿ."

ಗಂಡ ಕುರ್ಚಿಯಲ್ಲೇ ತಿರುಗಿದ. ಅವನ ಕಣ್ಣು ಆಕೆಯ ತುಟಿಯ ಮೇಲಿತ್ತು.

"ಏನಂತೆ?"

ಆಕೆ ತಡಮಾಡಲಿಲ್ಲ. ತಡಮಾಡಿದ್ದರೆ ಅವನಿಗೆ ಗೊತ್ತಾಗುತ್ತಿತ್ತು. "ಇದೂ ಕೆಟ್ಟಿದೆಯಂತೆ ರೀ."

ಅವನು ಉಸಿರು ಬಿಟ್ಟ. ಮರುಕ್ಷಣ ಎದ್ದು ನಿಂತು, ಜನ್ಮದಲ್ಲಿ ಯಾರ ಮೇಲೂ ದನಿ ಎತ್ತದವನು, ಅಂಗಡಿಯವನ ಮೇಲೆ ಹರಿಹಾಯ್ದ. "ಏನ್ ಸ್ವಾಮಿ ಇದು? ಕಾಸು ಕೊಟ್ಟಿಲ್ವಾ ನಾವು? ಒಂದು ಸಲ ಮೋಸ, ಎರಡನೇ ಸಲವೂ ಮೋಸವಾ? ಸರಿಯಾಗಿರೋದು ಕೊಡ್ರೀ!"

ಅಂಗಡಿಯವನು ಬಾಯಿ ತೆರೆದ. ಆಕೆಯ ಮುಖ ನೋಡಿ ಮುಚ್ಚಿದ. ಆಮೇಲೆ ಗಂಡನ ಎದುರಿಗೆ ಬಂದು, ಒಂದೊಂದೇ ಅಕ್ಷರ ಕಾಣುವಂತೆ ಹೇಳಿದ: "ತಪ್ಪಾಯ್ತು ಸಾರ್. ಬೇರೆ ತರಿಸ್ತೀನಿ."

"ಹಾಗೆ ಬನ್ನಿ ದಾರಿಗೆ," ಎಂದು ಗಂಡ ಅಂಗಿಯ ಕೊರಳಪಟ್ಟಿ ಸರಿಮಾಡಿಕೊಂಡ.

ಬೀದಿಗೆ ಇಳಿದಾಗ ಮಿಲ್ಲಿನಲ್ಲಿ ಮಧ್ಯಾಹ್ನದ ಪಾಳಿ ಶುರುವಾಗಲು ಇನ್ನೂ ಒಂದು ಗಂಟೆ ಇತ್ತು. ಗಂಡ ಮನೆಯ ಬಸ್ಸು ನಿಲ್ಲುವ ಕಡೆ ಹೆಜ್ಜೆ ಹಾಕಿದ. ಆಕೆ ಅವನ ಮಣಿಕಟ್ಟು ಹಿಡಿದು ಎದುರು ದಿಕ್ಕಿಗೆ, ಮಿಲ್ಲಿನ ರಸ್ತೆಗೆ ತಿರುಗಿದಳು. ಗರಗಸದ ಮುಂದಿನಿಂದ ಅವನನ್ನು ಇವತ್ತೇ ತೆಗೆಯಿರಿ ಎಂದು ಮಾಲೀಕನಿಗೆ ತಾನೇ ಹೇಳಬೇಕಿತ್ತು.

"ಏ, ಮನೆ ಆ ಕಡೆ ಕಣೆ," ಎಂದ ಅವನು. "ಎಲ್ಲಿಗೆ ಎಳ್ಕೊಂಡು ಹೋಗ್ತಿದ್ದೀಯ?"

ಆಕೆ ಮುಖ ತಿರುಗಿಸದೆಯೇ ಉತ್ತರ ಹೇಳಿದಳು. ಅವನು ಮತ್ತೆ ಕೇಳಿದ.