ಹೊಸ್ತಿಲಾಚೆಯ ಕರೆ

ಅತ್ತೆಯ ಬಾಯಲ್ಲಿ 'ಇಲ್ಲ' ಅನ್ನೋ ಮಾತು ಬಂದದ್ದನ್ನು ಆ ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಮನೆಯೊಳಗೆ ಹಾಗಂದರೆ ಇದ್ದದ್ದೂ ಎದ್ದು ಹೋಗುತ್ತೆ ಅನ್ನೋದು ಆಕೆಯ ಕಟ್ಟಳೆ. ಸಕ್ಕರೆ ಡಬ್ಬ ಬೋರಲು ಬಿದ್ದಿದ್ದರೂ 'ಸಕ್ಕರೆ ತರಬೇಕು' ಅನ್ನಬೇಕೇ ಹೊರತು ಬೇರೆ ಮಾತಿಲ್ಲ. ಹೋದ ವರ್ಷ ಮೊಮ್ಮಗಳು ಹುಟ್ಟುತ್ತಲೇ ಕಣ್ಣು ಮುಚ್ಚಿದಾಗಲೂ ಕೇಳಿದವರಿಗೆಲ್ಲ 'ಮಲಗಿದೆ' ಅಂದಿದ್ದಳು. ಇಂಥಾ ಮಹಾತಾಯಿಯ ಕೈಗೆ ಪುರಸಭೆ ಸಮೀಕ್ಷೆಯವರು ಮೊಬೈಲು ಕೊಟ್ಟು ಹೋದರು ನೋಡಿ! ತಿಂಗಳಿಗೊಮ್ಮೆ ಫೋನು ಮಾಡಿ ಮನೆಯ ಸ್ಥಿತಿಗತಿ ಕೇಳ್ತೀವಿ, ಹಿರಿಯರೇ ಉತ್ತರ ಹೇಳಬೇಕು ಅಂತ.

"ಅಮ್ಮಾ, ನಲ್ಲೀಲಿ ನೀರು ಬರ್ತಿದೆಯಾ?" ಅಂತ ಸಮೀಕ್ಷೆಯ ಹುಡುಗಿ ಕೇಳೋಳು.

"ಬರ್ತಿದೆ ಮಗಳೇ. ನಿಮ್ಮ ಕಡೆ?"

"ಬೀದಿಯ ಹೆರಿಗೆ ಕೇಂದ್ರ ತೆಗೆದಿದೆಯಾ?"

"ತೆಗೆದಿದೆಯಮ್ಮ. ನಿಂದು ಊಟ ಆಯ್ತಾ? ದನಿ ಯಾಕೋ ಸೊರಗಿದೆ."

ಹೊಲಿಗೆ ಯಂತ್ರದ ಸದ್ದಿನಲ್ಲಿ ಸೊಸೆಗೆ ಅರ್ಧ ಕೇಳೋದು, ಅರ್ಧ ಇಲ್ಲ. ಮುದುಕಿಗೆ ಹರಟೋಕೆ ಒಬ್ಬಳು ಸಿಕ್ಕಳಲ್ಲ, ಇರಲಿ ಬಿಡು ಅಂದುಕೊಂಡಿದ್ದಳು.

ಅವಳಿಗೆ ಮತ್ತೆ ದಿನ ತುಂಬುತ್ತಾ ಬಂದಿತ್ತು. ಹೋದ ಸಲ ನೋವು ಶುರುವಾದಾಗ ನರ್ಸಿಲ್ಲದೆ ಕೇಂದ್ರಕ್ಕೆ ಬೀಗ, ಇವತ್ತಿಗೂ ಅದು ಹಾಗೇ ಇದೆ. ಊರಾಚೆಯ ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲಾ ಮುಗಿದುಹೋಗಿತ್ತು. ಈ ಸಲ ಹಾಗಾಗೋಕೆ ಬಿಡಲ್ಲ ಅಂತ ಹಲ್ಲು ಕಚ್ಚಿ, ಭಾರದ ಹೊಟ್ಟೆ ಹೊತ್ತು ಪುರಸಭೆ ಮೆಟ್ಟಿಲು ಹತ್ತಿದಳು. ಗುಮಾಸ್ತ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ.

"ನರ್ಸು ಬೇಕಾ? ನಿಮ್ಮ ಕೇಂದ್ರ ಚೆನ್ನಾಗೇ ನಡೀತಿದೆಯಲ್ಲಮ್ಮ. ಆ ಬೀದಿಯಿಂದ ಸಮೀಕ್ಷೆಗೆ ಆರಿಸಿದ್ದು ಒಂದೇ ಮನೆ. ಪ್ರತಿ ತಿಂಗಳೂ 'ತೆಗೆದಿದೆ' ಅಂತಲೇ ಹೇಳಿದ್ದಾರೆ."

ಯಾವ ಮನೆ ಅಂತ ಬೇರೆ ಕೇಳಬೇಕೆ? ಸೊಸೆಯ ಮೈಯೆಲ್ಲ ಉರಿದುಹೋಯಿತು. ನೇರ ಮನೆಗೆ ಬಂದಳು.

"ಅತ್ತೇ, ಬೀಗ ಹಾಕಿದ್ದನ್ನ ನೀವೇ ಕಣ್ಣಾರೆ ನೋಡಿದ್ರಲ್ಲ!"

"ನೋಡ್ದೆ ಕಣೇ. ಬಸುರಿ ಇರೋ ಮನೇಲಿ ನಿಂತು ಆ ಕೆಟ್ಟ ಮಾತು ಹೇಗೆ ಆಡ್ಲಿ? ನಿನಗೇನಾದ್ರೂ ಆದ್ರೆ?" ಸೊಸೆಗೆ ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನಿಸಿತು.

ಆ ತಿಂಗಳ ಫೋನು ಬಂದಾಗ ತಾನೇ ಎತ್ತಿ ಮಾತಾಡೋಣ ಅಂದರೆ ಸಮೀಕ್ಷೆಯ ಹುಡುಗಿ ಒಪ್ಪಲಿಲ್ಲ. "ಹಿರಿಯರಿಗೇ ಕೊಡಿ ಅಕ್ಕಾ, ನಿಯಮ. ಈಗ ಆಗದಿದ್ರೆ ನಾಳೆ ಇದೇ ಹೊತ್ತಿಗೆ ಮಾಡ್ತೀನಿ," ಅಂದಳು.

ಸೊಸೆಯೇನು ಕಡಿಮೆಯೇ? ಮಾರನೇ ದಿನ ಯಂತ್ರಕ್ಕೆ ಹೊದಿಕೆ ಹಾಕಿದಳು. ಅತ್ತೆಯ ಕೈ ಹಿಡಿದು ಬೀದಿ ತುದಿಗೆ ಕರೆದುಕೊಂಡು ಹೋಗಿ ಹೆರಿಗೆ ಕೇಂದ್ರದ ಮೆಟ್ಟಿಲ ಮೇಲೆ ಕೂರಿಸಿದಳು.

"ಮನೆಯೊಳಗೆ ತಾನೇ ಅನ್ನಬಾರದು? ಇದು ನಮ್ಮ ಮನೆಯಲ್ಲ. ಇಲ್ಲಿ ಆಡಿದ ಮಾತು ನಮ್ಮ ಹೊಸ್ತಿಲು ದಾಟಲ್ಲ."

"ಎಲಾ ಕಿಲಾಡಿ!"

"ನಿಮ್ಮ ಸೊಸೆ ಅಲ್ವಾ?"

ಫೋನು ಬಂತು. ನೀರಿನ ಪ್ರಶ್ನೆ ಆಯಿತು, ದೀಪದ್ದಾಯಿತು. "ಹೆರಿಗೆ ಕೇಂದ್ರ ತೆಗೆದಿದೆಯಾ ಅಮ್ಮಾ?"

ಅತ್ತೆ ತಿರುಗಿ ತುಕ್ಕು ಹಿಡಿದ ಬೀಗ ನೋಡಿದಳು. "ಹೋದ ವರ್ಷ ನನ್ನ ಮೊಮ್ಮಗಳು ಈ ಬಾಗಿಲ ತನಕ ಬಂದಿದ್ಲು, ಮಗಳೇ..."

"ಅಮ್ಮಾ, ಇಲ್ಲಿ ಹೌದು, ಇಲ್ಲ, ಎರಡೇ ಇರೋದು. ಯಾವುದು ಒತ್ತಲಿ?"



"ಇಲ್ಲ," ಅಂದಳು ಅತ್ತೆ. "ಬಾಗಿಲು ತೆಗೆದಿಲ್ಲ. ನರ್ಸು ಇಲ್ಲ. ನನ್ನ ಮೊಮ್ಮಗಳು ಇಲ್ಲ." ಸೆರಗು ಬಾಯಿಗೊತ್ತಿ ಗಳಗಳ ಅತ್ತಳು. ಒಂದು ವರ್ಷದಲ್ಲಿ ಅದೇ ಮೊದಲು ಅತ್ತದ್ದು. ಸೊಸೆ ಪಕ್ಕದಲ್ಲಿ ಕೂತು ಬೆನ್ನು ಸವರಿದಳು.

"ಒತ್ತಿದೆ ಅಮ್ಮಾ," ಅಂದಳು ಹುಡುಗಿ ಮೆಲ್ಲಗೆ.

ಅತ್ತೆ ಮೂಗು ಒರೆಸಿಕೊಂಡಳು. "ಒತ್ತಿ ಸುಮ್ಮನಾಗಬೇಡ, ನಿನ್ನ ಮೇಲಿನವರಿಗೂ ಹೇಳು. ನಾಳೆಯಿಂದ ನಾನು ದಿನಾ ಬಂದು ಇಲ್ಲೇ ಕೂರ್ತೀನಿ. ಈ ಬೀಗ ತೆಗೆಯೋ ತನಕ ಈ ದಾರೀಲಿ ಯಾರು ಬಂದ್ರೂ ಮೊದಲು ನನಗೆ ಉತ್ತರ ಹೇಳಿ ಹೋಗಬೇಕು."